ಮಗುಚಿದ ಪದರ

“ಗುರುಗಳೇ, ಯಾರ ಹಂಗೂ ಇಲ್ಲದೆ ಬದುಕುವುದೇ ಬಿಡುಗಡೆಯಲ್ಲವೇ?”

ಕೇಳಿದವನು ಚನ್ನವೀರ. ಮಠಕ್ಕೆ ಬಂದಾಗ ಅವನು ಎಲ್ಲದಕ್ಕೂ ಅಳುಕುವ ಹುಡುಗನಾಗಿದ್ದ. ಈಗ ಓದು ಮುಗಿದಿತ್ತು, ಮನಸ್ಸು ಬಿಗಿಯಾಗಿತ್ತು. ಬೆಟ್ಟದ ಹಿಂದಿನ ಗವಿಯಲ್ಲಿ ಒಬ್ಬನೇ ಇರಲು ಅಪ್ಪಣೆ ಬೇಡಲು ಬಂದಿದ್ದ. ಗವಿಯ ಬಳಿ ನೀರಿತ್ತು, ಒಂದಿಷ್ಟು ನೆಲವಿತ್ತು. ತನ್ನ ಅನ್ನ ತಾನೇ ಬೆಳೆದುಕೊಂಡು, ಯಾರನ್ನೂ ಕರೆಯದೆ, ಯಾರಿಂದಲೂ ಕರೆಸಿಕೊಳ್ಳದೆ ಇರಬಲ್ಲೆ ಎಂದು ಅವನಿಗೆ ತೋರಿತ್ತು.

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಉತ್ತರದ ಹಿಮದ ಬೆಟ್ಟಗಳ ನಡುವೆ ಒಂದು ಊರಿತ್ತು. ಆ ಊರಿನವರ ಕಸುಬು ಕಲ್ಲು ಒಡೆಯುವುದು. ಊರ ಮೇಲಿನ ಗುಡ್ಡದಲ್ಲಿ ಸುಣ್ಣಕಲ್ಲಿನ ಗುಂಡಿಗಳಿದ್ದವು, ಮನೆತನಕ್ಕೊಂದರಂತೆ. ಕಲ್ಲು ಕಪ್ಪು. ಅದನ್ನು ಸೀಳಿದರೆ ಒಳಗೆಲ್ಲ ಬಾಗಿದ ಬಿಳಿಯ ಗುರುತುಗಳು, ದನ ಗೊರಸು ಊರಿದ ಹಾಗೆ. ಕೆಲವು ಅಂಗೈಯಷ್ಟು, ಕೆಲವು ಒಂದು ಗೇಣಿಗೂ ಹೆಚ್ಚು ಅಗಲ. ಕಲ್ಲು ಇನ್ನೂ ಹಸಿಯಾಗಿದ್ದಾಗ ದೇವರ ಹಸುಗಳು ಅದರ ಮೇಲೆ ನಡೆದುಹೋದವೆಂದು ಊರಿನವರು ಹೇಳುತ್ತಿದ್ದರು. ಅದಕ್ಕೆ ಗೊರಸುಗಲ್ಲು ಎಂದೇ ಹೆಸರು.

ಆ ಊರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಅವನು ಚಿಕ್ಕವನಿದ್ದಾಗಲೇ ಹಿಮ ಜಾರಿ ಅವನ ತಂದೆತಾಯಿ ಇಬ್ಬರೂ ಸತ್ತರು. ಪಕ್ಕದ ಮನೆಯ ಹೆಂಗಸು ಅವನನ್ನು ಕೈಹಿಡಿದು ತನ್ನ ಮನೆಗೆ ಕರೆದುಕೊಂಡು ಹೋದಳು. ಅವಳಿಗೂ ಅದೇ ವಯಸ್ಸಿನ ಮಗನೊಬ್ಬನಿದ್ದ. ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಬಡಿಸಿದಳು, ಒಂದೇ ಕಂಬಳಿ ಹೊದಿಸಿದಳು. ಇಬ್ಬರೂ ಅವಳನ್ನು ಅವ್ವ ಎಂದರು. ರಾತ್ರಿ ಅವನು ಬೆಚ್ಚಿಬಿದ್ದು ಎದ್ದರೆ ಅವಳ ಸೆರಗು ಹಿಡಿದುಕೊಂಡೇ ಮತ್ತೆ ಮಲಗುತ್ತಿದ್ದ.

ಹುಡುಗರು ಬೆಳೆದು ಒಂದೇ ಗುಂಡಿಯಲ್ಲಿ ಕೆಲಸಕ್ಕೆ ಇಳಿದರು. ಕಲ್ಲಿಗೆ ತೂತು ಹೊಡೆಯಲು ಇಬ್ಬರು ಬೇಕು. ಒಬ್ಬ ಉದ್ದದ ಉಳಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂರಬೇಕು, ಇನ್ನೊಬ್ಬ ನಿಂತು ದೊಡ್ಡ ಸುತ್ತಿಗೆಯಿಂದ ಅದರ ತಲೆಯ ಮೇಲೆ ಹೊಡೆಯಬೇಕು. ಹಿಡಿದವನು ಹೊಡೆಯುವವನ ಮುಖ ನೋಡುವ ಹಾಗಿಲ್ಲ, ಉಳಿಯ ತುದಿಯನ್ನೇ ನೋಡುತ್ತಿರಬೇಕು. ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಆದ್ದರಿಂದ ಅವರಿಬ್ಬರ ನಡುವೆ ಒಂದು ಸನ್ನೆ ಇತ್ತು. ಹಿಡಿದವನು ಬೆರಳ ಬಳಿಯ ಕಲ್ಲಚೂರನ್ನು ತೆಗೆದುಕೊಂಡು ಬಂಡೆಯ ಮೇಲೆ ಬೇಗ ಬೇಗ ಎರಡು ಸಲ ತಟ್ಟಿ, ತಡೆದು, ಮತ್ತೊಂದು ಸಲ ತಟ್ಟುತ್ತಿದ್ದ. ‘ನಿಲ್ಲು, ಕೈ ಕೆಳಗಿದೆ’ ಎಂದು ಅದರ ಅರ್ಥ. ಸುತ್ತಿಗೆ ಎತ್ತಿದವನು ಎತ್ತಿದಲ್ಲೇ ನಿಲ್ಲಿಸುತ್ತಿದ್ದ. ಅಷ್ಟು ವರ್ಷಗಳಲ್ಲಿ ಇಬ್ಬರ ಒಂದು ಬೆರಳೂ ಜಜ್ಜಿರಲಿಲ್ಲ.

ಒಂದು ದಿನ ಊರಿನ ಸಭೆಯಲ್ಲಿ ನೀರಿನ ಸರದಿಯ ಬಗ್ಗೆ ಮಾತು ಬಂತು. ಕಲ್ಲುಕುಟಿಗ ಎದ್ದು ಏನೋ ಹೇಳಲು ಹೊರಟ. ಆಗ ಊರಿನ ಹಿರಿಯನೊಬ್ಬ, “ಕಂಡವರ ಮನೆಯ ಅನ್ನ ತಿಂದು ಬೆಳೆದವನು ನೀನು. ನಿನಗೆ ಇಲ್ಲಿ ಏನು ಮಾತು?” ಎಂದ. ಕೆಲವರು ನಕ್ಕರು. ಕಲ್ಲುಕುಟಿಗ ತನ್ನ ಜೊತೆಗಾರನ ಕಡೆ ನೋಡಿದ. ಜೊತೆಗಾರ ತಲೆ ತಗ್ಗಿಸಿಕೊಂಡು ಕೂತಿದ್ದ. ಅವನು ಹಿರಿಯರ ಎದುರು ಬಾಯಿ ತೆರೆಯುವ ಸ್ವಭಾವದವನಲ್ಲ. ಅದು ಗೊತ್ತಿದ್ದರೂ ಕಲ್ಲುಕುಟಿಗನನ್ನು ನಗುವಿಗಿಂತ ಆ ತಗ್ಗಿದ ತಲೆಯೇ ಹೆಚ್ಚು ನೋಯಿಸಿತು.

ಮರುದಿನ ಅವನು ತನ್ನ ತಂದೆಯ ಪಾಳುಬಿದ್ದ ಗುಂಡಿಗೆ ಹೋದ. ಅದು ಗುಡ್ಡದ ಆಚೆ ಬದಿಗಿತ್ತು. ಹೂಳು ತೆಗೆದ. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ ಹಿಡಿದು ಒಬ್ಬನೇ ತೂತು ಹೊಡೆಯುವುದನ್ನು ಕಲಿತ. ಇಬ್ಬರು ಅರ್ಧ ದಿನದಲ್ಲಿ ಮಾಡುವುದಕ್ಕೆ ಅವನಿಗೆ ಎರಡು ದಿನ ಬೇಕಾಯಿತು. ಆದರೂ ಮಾಡಿದ. ಅವ್ವ ಬುತ್ತಿ ಕಟ್ಟಿ ಕಳಿಸಿದಳು. ಅವನು ಅದನ್ನು ಹಾಗೆಯೇ ಹಿಂದಕ್ಕೆ ಕಳಿಸಿದ. ಅವಳು ಮತ್ತೆ ಕಳಿಸಿದಳು. ಮತ್ತೆ ಹಿಂದಕ್ಕೆ ಕಳಿಸಿದ. ಆಮೇಲೆ ಬುತ್ತಿ ಬರುವುದು ನಿಂತಿತು.

ಕಾಲ ಕಳೆದಂತೆ ಅವನ ತೋಳು ಬಲಿಯಿತು. ತಂದೆಯ ಮನೆಯ ಸೂರನ್ನು ತಾನೇ ಎತ್ತಿ ಕಟ್ಟಿದ. ಬೇರೆ ಊರಿನ ಹೆಣ್ಣನ್ನು ಮದುವೆಯಾದ. ಹೆಂಡತಿಗೆ ಅವನು ಹಾಕಿದ ಕಟ್ಟಳೆ ಒಂದೇ: ಈ ಊರಿನಲ್ಲಿ ಯಾರ ಮನೆಯ ಬಾಗಿಲಿಗೂ ಹೋಗಿ ಏನನ್ನೂ ಕೇಳಬಾರದು.

“ಹೆಪ್ಪನ್ನೂ ಕೇಳಬಾರದೇ?” ಎಂದಳು ಅವಳು. “ಹೆಪ್ಪಿಲ್ಲದೆ ಹಾಲು ಮೊಸರಾಗುವುದು ಹೇಗೆ?”

“ಮೊಸರಿಲ್ಲದೆ ಉಣ್ಣೋಣ,” ಎಂದ ಅವನು.

ಆ ಮನೆಯಲ್ಲಿ ಅವರು ಮೊಸರಿಲ್ಲದೆಯೇ ಉಂಡರು.

ಹೀಗಿರುವಾಗ ಒಂದು ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಆ ಊರಿನಲ್ಲಿ ಸುಡುಗಾಡು ಕೆಳಗೆ ಹೊಳೆಯ ದಂಡೆಯ ಮೇಲಿದೆ. ದಾರಿ ಕಡಿದು, ಕಲ್ಲು. ಚಟ್ಟವನ್ನು ಗಂಡುಮಕ್ಕಳು ಹೆಗಲ ಮೇಲೆ ಇಳಿಸಿಕೊಂಡು ಹೋಗಬೇಕು. ಒಬ್ಬ ಕಲ್ಲುಕುಟಿಗನ ಗುಂಡಿಯ ಅಂಚಿಗೆ ಬಂದು ನಿಂತು, ಅವ್ವ ಹೋದಳೆಂದು ಹೇಳಿದ. ಹೆಗಲು ಕೊಡಲು ಬರಬೇಕಂತೆ ಎಂದ.

ಕಲ್ಲುಕುಟಿಗ ತಲೆ ಎತ್ತಲಿಲ್ಲ. “ನಾನು ಯಾರನ್ನೂ ಕರೆಯುವುದಿಲ್ಲ. ನನ್ನನ್ನೂ ಯಾರೂ ಕರೆಯುವುದು ಬೇಡ,” ಎಂದ.

ಬಂದವನು ಹೊರಟುಹೋದ. ಕಲ್ಲುಕುಟಿಗ ಸುತ್ತಿಗೆ ಎತ್ತಿದ. ಕೆಳಗೆ ಶಂಖದ ದನಿ ಕೇಳಿಸಿತು, ಅವನು ಇನ್ನೂ ಜೋರಾಗಿ ಹೊಡೆದ. ಏಟು ಉಳಿಯ ಮೇಲೆ ಬೀಳದೆ ಕಲ್ಲಿನ ಮೇಲೆ ಬೀಳುತ್ತಿತ್ತು. ಹೊಳೆಯ ಕಡೆಯಿಂದ ಹೊಗೆ ಎದ್ದು ಅದು ಕರಗುವವರೆಗೂ ಅವನು ಸುತ್ತಿಗೆ ಕೆಳಗಿಡಲಿಲ್ಲ. ಸಂಜೆ ಮನೆಗೆ ಬಂದು ಉಣ್ಣದೆ ಮಲಗಿದ. ಅಂದಿನಿಂದ ಊರಿನವರು ಅವನನ್ನು ಯಾವುದಕ್ಕೂ ಕರೆಯಲಿಲ್ಲ. ಅವನು ಬೇಡಿದ್ದೂ ಅದನ್ನೇ. ಈಗ ಅವನಿಗೆ ಯಾರ ಹಂಗೂ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ದೂರದ ಪಟ್ಟಣದಿಂದ ಒಬ್ಬ ಹೆಂಗಸು ಬಂದಳು. ಕಲ್ಲುಗಳನ್ನು ಓದಿದವಳು. ಕೈಯಲ್ಲೊಂದು ಸಣ್ಣ ಸುತ್ತಿಗೆ, ಕೊರಳಲ್ಲೊಂದು ಭೂತಗನ್ನಡಿ. ಗುಡ್ಡದ ಗುಂಡಿಗಳನ್ನೆಲ್ಲ ನೋಡಿಕೊಂಡು ಕೊನೆಗೆ ಕಲ್ಲುಕುಟಿಗನ ಗುಂಡಿಗೂ ಇಳಿದಳು. ಗೋಡೆಯ ಮುಂದೆ ಕೂತು ಗೊರಸುಗಳ ಮೇಲೆ ಕೈಯಾಡಿಸಿದಳು. ಅವಳು ಏನನ್ನೂ ಕೇಳಲಿಲ್ಲವಾದ್ದರಿಂದ ಅವನು ಅವಳನ್ನು ಹೋಗು ಎನ್ನಲಿಲ್ಲ. ಒಂದೆರಡು ದಿನ ಕಳೆದ ಮೇಲೆ ಅವನೇ ಮಾತು ತೆಗೆದ.

“ಅದರಲ್ಲೇನು ನೋಡುತ್ತೀರಿ ತಾಯಿ? ದೇವರ ಹಸುಗಳ ಹೆಜ್ಜೆ ಅದು.”

“ಹೆಜ್ಜೆಯಲ್ಲ, ಚಿಪ್ಪು,” ಎಂದಳು ಅವಳು. “ಇಲ್ಲಿ ಸಮುದ್ರವಿತ್ತು.”

ಅವನು ಸುತ್ತಲಿನ ಹಿಮದ ಶಿಖರಗಳನ್ನು ನೋಡಿದ. ಅವಳು ನಗಲಿಲ್ಲ. ಮೂವತ್ತು ಕೋಟಿ ವರ್ಷಕ್ಕೂ ಹಿಂದಿನ ಮಾತು ಎಂದಳು. ಇಂದು ಕಲ್ಲಿದ್ದಲಾಗಿರುವ ಕಾಡುಗಳು ಆಗ ನೆಲದ ಮೇಲೆ ಹಸಿರಾಗಿ ನಿಂತಿದ್ದವು. ಈ ಕಲ್ಲು ಆಗ ಬೆಚ್ಚನೆಯ ಸಮುದ್ರದ ತಳದ ಕೆಸರಾಗಿತ್ತು. ಆಮೇಲೆ ನೆಲ ಮೇಲೆದ್ದು ಬೆಟ್ಟವಾಯಿತು. ಆ ಕೆಸರಿನಲ್ಲಿ ಎರಡು ಚಿಪ್ಪಿನ ಒಂದು ಜೀವಿ ವಾಸಿಸುತ್ತಿತ್ತು. ಅವಳು ಅದರ ಹೆಸರು ಹೇಳಿದಳು: ಬ್ರಾಕಿಯೊಪಾಡ್. ಅವನಿಗೆ ನಾಲಿಗೆ ತಿರುಗಲಿಲ್ಲ. ಆ ಕುಲದ ಚಿಕ್ಕ ಜೀವಿಗಳು ಸಮುದ್ರಗಳಲ್ಲಿ ಈಗಲೂ ಇವೆಯಂತೆ, ಇಷ್ಟು ದೊಡ್ಡವು ಮಾತ್ರ ಎಂದೋ ಅಳಿದುಹೋದವಂತೆ.

ಅವಳು ಕಲ್ಲಿನಿಂದ ಬಿಡಿಸಿದ ಎರಡು ತುಂಡುಗಳನ್ನು ಅವನ ಮುಂದಿಟ್ಟಳು. ಒಂದು ಉಗುರಿನಷ್ಟು. ಅದರ ಬೆನ್ನ ಮೇಲೆ ಕೂದಲಿನಂಥ ಮುಳ್ಳುಗಳ ಬುಡ ಕಾಣುತ್ತಿತ್ತು. ಇನ್ನೊಂದು ಎರಡು ಕೈಗೂ ಭಾರವಾಗುವಷ್ಟು ದೊಡ್ಡದು.

“ಇದು ಮರಿ,” ಎಂದಳು. “ಮರಿಯಾಗಿದ್ದಾಗ ಈ ಮುಳ್ಳುಗಳಿಂದ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಇಲ್ಲದಿದ್ದರೆ ನೀರು ಕೊಚ್ಚಿಕೊಂಡು ಹೋಗುತ್ತದೆ. ಬೆಳೆದ ಮೇಲೆ ಮುಳ್ಳಿನ ಹಿಡಿತ ಬೇಕಾಗುವುದಿಲ್ಲ. ಕೆಳಗಿನ ಚಿಪ್ಪು ಹೀಗೆ ದಪ್ಪವಾಗುತ್ತದೆ, ಉಬ್ಬುತ್ತದೆ. ಅದರ ಭಾರವೇ ಅದನ್ನು ಕೆಸರಿನಲ್ಲಿ ಕೂರಿಸುತ್ತದೆ. ಮೇಲಿನ ಚಿಪ್ಪು ಬರೀ ಮುಚ್ಚಳ. ಅದನ್ನು ಒಂದಿಷ್ಟು ತೆರೆದು ನೀರು ಎಳೆದುಕೊಳ್ಳುತ್ತದೆ, ನೀರಿನಲ್ಲಿದ್ದುದನ್ನು ಸೋಸಿ ತಿನ್ನುತ್ತದೆ. ಯಾವುದಕ್ಕೂ ಅಂಟಿಕೊಳ್ಳದೆ ತನ್ನ ಭಾರದ ಮೇಲೆ ತಾನೇ ಇರುತ್ತದೆ.”

ಕಲ್ಲುಕುಟಿಗ ದೊಡ್ಡ ಚಿಪ್ಪನ್ನು ಎತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡ. ಬಹಳ ಹೊತ್ತು ನೋಡಿದ. ತನ್ನ ಬದುಕಿನ ಬಗ್ಗೆ ಯಾರೋ ಒಳ್ಳೆಯ ಮಾತಾಡಿದಂತೆ ಅವನಿಗೆ ಅನ್ನಿಸಿತು. ಎಷ್ಟೋ ವರ್ಷಗಳ ಮೇಲೆ ಅವನ ಮುಖ ಸಡಿಲವಾಯಿತು. ಅವನೇ ಅವಳನ್ನು ಗುಂಡಿಯ ಮೂಲೆ ಮೂಲೆಗೆ ಕರೆದುಕೊಂಡು ಹೋಗಿ ಎಲ್ಲ ಪದರಗಳನ್ನೂ ತೋರಿಸಿದ.

ಗೋಡೆಯಲ್ಲಿ ಎದೆಯ ಎತ್ತರಕ್ಕೆ ಒಂದು ಪದರವಿತ್ತು. ಅಲ್ಲಿ ಚಿಪ್ಪುಗಳು ಒಂದಕ್ಕೊಂದು ತಾಗಿಕೊಂಡು ಕಿಕ್ಕಿರಿದಿದ್ದವು. ಆದರೆ ಉಳಿದ ಪದರಗಳಲ್ಲಿ ಉಬ್ಬು ಕೆಳಗಿದ್ದರೆ ಇಲ್ಲಿ ಉಬ್ಬು ಮೇಲಿತ್ತು. ಅವಳು ಅಲ್ಲಿ ನಿಂತಳು.

“ಇವು ಮಗುಚಿಕೊಂಡಿವೆ,” ಎಂದಳು. “ಒಂದು ದಿನ ದೊಡ್ಡ ಬಿರುಗಾಳಿ ಎದ್ದಿರಬೇಕು. ಅಲೆ ತಳದವರೆಗೂ ಕಲಕಿ ಇವನ್ನೆಲ್ಲ ಬೋರಲು ಹಾಕಿದೆ.”

“ಆಮೇಲೆ?”

“ಆಮೇಲೇನು. ಬಾಯಿ ಕೆಸರಿನೊಳಗೆ. ಇಷ್ಟು ಭಾರದ್ದು ತಾನಾಗಿ ತಿರುಗಲಾರದು.”

ಕಲ್ಲುಕುಟಿಗ ಆ ಪದರವನ್ನು ಉದ್ದಕ್ಕೂ ನೋಡಿದ. “ಇಷ್ಟು ಒತ್ತೊತ್ತಾಗಿದ್ದವಲ್ಲ. ಅಕ್ಕಪಕ್ಕದಲ್ಲೇ ಇದ್ದವಲ್ಲ,” ಎಂದ.

“ಇದ್ದವು. ಕೈ ಇರಲಿಲ್ಲ,” ಎಂದಳು ಅವಳು. ಚೀಲವನ್ನು ಹೆಗಲಿಗೇರಿಸಿ, “ಇದರ ಅಡಿಯಲ್ಲಿ ತೆಳ್ಳಗೆ ಜೇಡಿ ಇದೆ. ನೀರು ಹೊಕ್ಕರೆ ಮೇಲಿನ ಬಂಡೆ ಜಾರುತ್ತದೆ. ಆಸರೆ ಕೊಡದೆ ಇದರ ಕೆಳಗೆ ಕೆಲಸ ಮಾಡಬೇಡಿ,” ಎಂದು ಹೇಳಿ ಹೋದಳು.

ಅವಳು ಹೇಳಿದ್ದು ಅವನಿಗೆ ಹೊಸದೇನಲ್ಲ. ಗುಡ್ಡದ ಎಲ್ಲ ಗುಂಡಿಗಳಲ್ಲೂ ಆ ಪದರಕ್ಕೆ ಮರದ ದಿಮ್ಮಿಗಳ ಆಸರೆ ಕೊಡುತ್ತಿದ್ದರು. ಆದರೆ ದಿಮ್ಮಿ ನಿಲ್ಲಿಸಲು ಇಬ್ಬರು ಬೇಕು, ಒಬ್ಬ ಎತ್ತಿ ಹಿಡಿಯಲು, ಇನ್ನೊಬ್ಬ ಬುಡಕ್ಕೆ ಬೆಣೆ ಹೊಡೆಯಲು. ಅವನು ಆಸರೆ ಇಲ್ಲದೆಯೇ ಅಷ್ಟು ವರ್ಷ ಕೆಲಸ ಮಾಡಿದ್ದ. ಹಾಗೆಯೇ ಮುಂದುವರಿದ.

ಚಳಿಗಾಲ ಬಂದು ಹೋಯಿತು. ಹಿಮ ಕರಗತೊಡಗಿತು. ಒಂದು ಬೆಳಿಗ್ಗೆ ಅವನು ಆ ಪದರದ ಕೆಳಗೆ ಬಗ್ಗಿ ಉಳಿ ಇಡುತ್ತಿದ್ದಾಗ ಮೇಲಿನಿಂದ ಬಟ್ಟೆ ಹರಿದಂಥ ಸದ್ದು ಬಂತು. ಅವನು ತಿರುಗಿ ಓಡಲು ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಚಪ್ಪಡಿ ಜಾರಿತು.

ಕಣ್ಣು ತೆರೆದಾಗ ಅವನು ಬೋರಲಾಗಿ ಬಿದ್ದಿದ್ದ. ಸೊಂಟದಿಂದ ಕೆಳಗಿನ ಮೈ ಚಪ್ಪಡಿಯ ಅಡಿಯಲ್ಲಿತ್ತು. ಒಂದು ಕಾಲು ನೋಯುತ್ತಿತ್ತು. ಇನ್ನೊಂದು ನೋಯುತ್ತಲೂ ಇರಲಿಲ್ಲ. ಕೈಗಳು ಆಡುತ್ತಿದ್ದವು. ಹಾರೆ ಎದುರಿಗೇ ಬಿದ್ದಿತ್ತು. ಅವನು ಕೈ ಚಾಚಿದ. ಬೆರಳ ತುದಿಗೂ ಹಾರೆಗೂ ನಡುವೆ ಒಂದು ಅಂಗೈಯಷ್ಟು ದೂರ ಉಳಿಯಿತು.

ಗುಡ್ಡದ ಈಚೆ ಬದಿಯಿಂದ ಸುತ್ತಿಗೆಗಳ ಸದ್ದು ಬರುತ್ತಿತ್ತು. ಕೂಗಿದರೆ ಕೇಳಿಸುವಷ್ಟೇ ದೂರ. ಆ ಸದ್ದುಗಳಲ್ಲಿ ಒಂದನ್ನು ಅವನು ಗುರುತಿಸಿದ. ಎರಡು ಏಟಿನ ನಡುವೆ ಕೊಂಚ ಹೆಚ್ಚು ತಡೆಯುವ ಸುತ್ತಿಗೆ. ಅದು ಜೊತೆಗಾರನದು.

ಅವನು ಕೂಗಲಿಲ್ಲ.

ಮೊದಲು, ತಾನೇ ಹೊರಗೆ ಬರಬಲ್ಲೆನೆಂದುಕೊಂಡ. ಬೆರಳಿನಿಂದ ಎದೆಯ ಕೆಳಗಿನ ಕೆಸರು ಕೆದಕಿದ. ಕೆದಕಿದಲ್ಲಿ ನೀರು ತುಂಬಿತು. ಮತ್ತೆ ಹಾರೆಗೆ ಕೈ ಚಾಚಿದ. ಅಂಗಿಯ ತೋಳು ಹರಿದು ಅದರಿಂದ ಹಾರೆಯನ್ನು ಎಳೆಯಲು ನೋಡಿದ. ಅದು ಇನ್ನಷ್ಟು ಆಚೆ ಹೊರಳಿತು. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಗೋಡೆಯ ಗುಂಟ ಹರಿದು ಬರತೊಡಗಿತು. ಗುಂಡಿಯ ತಳದಲ್ಲಿ ನೀರು ನಿಂತಿತು. ಅವನು ಕತ್ತು ಎತ್ತಿ ಹಿಡಿದ.

ಆಗ ಕೂಗಬೇಕೆನ್ನಿಸಿತು. ಬಾಯಿ ತೆರೆದ. ಆದರೆ ಯಾರನ್ನೆಂದು ಕೂಗುವುದು? ಹೆಂಡತಿ ದೂರದ ಮನೆಯಲ್ಲಿದ್ದಳು. ಉಳಿದವರನ್ನು ಕರೆಯಬೇಕಾದರೆ ಹೆಸರು ಹಿಡಿಯಬೇಕು. ನಾಲಿಗೆಯ ಮೇಲೆ ಒಂದೇ ಹೆಸರು ಬರುತ್ತಿತ್ತು. ಅದರ ಹಿಂದೆಯೇ ಕೆಳಗಿನ ಹೊಳೆಯ ದಂಡೆಯ ಹೊಗೆ ಕಣ್ಣಿಗೆ ಕಟ್ಟುತ್ತಿತ್ತು. ಅವನು ಬಾಯಿ ಮುಚ್ಚಿದ. ಯಾವ ಮುಖ ಇಟ್ಟುಕೊಂಡು ಕರೆಯಲಿ ಎಂದುಕೊಂಡ. ಅಷ್ಟರಲ್ಲಿ ಊಟದ ಹೊತ್ತಾಗಿ ಸುತ್ತಿಗೆಗಳು ಒಂದೊಂದಾಗಿ ನಿಂತವು.

ಆ ಮೌನದಲ್ಲಿ ಅವನಿಗೆ ಸಾವಿನ ಭಯ ಬಂತು. ಚಿಕ್ಕಂದಿನಲ್ಲಿ ಹಿಮ ಜಾರಿದ ರಾತ್ರಿ ಬಂದಿದ್ದ ಭಯವೇ ಅದು. ಅವನ ಕೈ ತಾನಾಗಿಯೇ ಕೆಸರಿನಲ್ಲಿ ಏನನ್ನೋ ಹುಡುಕಿತು, ಹಿಡಿದುಕೊಳ್ಳಲು. ಚೂಪಾದ ಕಲ್ಲುಗಳಲ್ಲದೆ ಏನೂ ಸಿಗಲಿಲ್ಲ. ಅವರು ಕೆಲಸಕ್ಕೆ ಮರಳಿ ಬಂದ ಕೂಡಲೇ ಕೂಗುತ್ತೇನೆ, ಯಾರು ಏನೆಂದುಕೊಂಡರೂ ಸರಿ ಎಂದು ನಿಶ್ಚಯಿಸಿದ.

ಸುತ್ತಿಗೆಗಳು ಮತ್ತೆ ಶುರುವಾದವು. ಅವನು ಕೂಗಿದ. ದನಿ ಬರಲಿಲ್ಲ. ಬೆಳಗಿನಿಂದ ಎದೆ ನೆಲಕ್ಕೊತ್ತಿ ಉಸಿರು ಸೋತುಹೋಗಿತ್ತು. ಬೆಳಿಗ್ಗೆ ಉಸಿರಿತ್ತು, ಮನಸ್ಸಿರಲಿಲ್ಲ. ಈಗ ಮನಸ್ಸು ಬಂದಿತ್ತು, ಉಸಿರಿರಲಿಲ್ಲ. ನೀರು ಗದ್ದಕ್ಕೆ ತಾಗಿತು.

ಅವನ ಬೆರಳಿಗೆ ಒಂದು ಕಲ್ಲಚೂರು ಸಿಕ್ಕಿತು. ಚಪ್ಪಡಿಯ ಅಂಚು ಕೈಗೆ ಎಟುಕುತ್ತಿತ್ತು. ಅವನು ಬೇಗ ಬೇಗ ಎರಡು ಸಲ ತಟ್ಟಿದ. ತಡೆದ. ಮತ್ತೊಂದು ಸಲ ತಟ್ಟಿದ. ಎಷ್ಟೋ ಸಲ ಹಾಗೆ ಮಾಡಿದ. ಕೊನೆಕೊನೆಗೆ ತನ್ನ ತಟ್ಟು ತನಗೇ ಕೇಳಿಸುತ್ತಿರಲಿಲ್ಲ. ನೀರು ಬಾಯಿಗೆ ಬಂತು. ಅವನು ಮುಖವನ್ನು ಒಂದು ಕಡೆಗೆ ಹೊರಳಿಸಿ ಮೂಗನ್ನು ಮೇಲಿಟ್ಟುಕೊಂಡ.

ಗುಂಡಿಯ ಅಂಚಿನಿಂದ ಕಲ್ಲು ಉರುಳಿದ ಸದ್ದಾಯಿತು. ಯಾರೋ ಜಾರಿಕೊಂಡು ಇಳಿದರು. ಕೆಸರಿನಲ್ಲಿ ದಡಬಡ ಓಡಿ ಬಂದರು. ಒಂದು ಕೈ ಅವನ ಗದ್ದದ ಕೆಳಗೆ ಬಂದು ಮುಖವನ್ನು ನೀರಿನಿಂದ ಮೇಲೆತ್ತಿ ಹಿಡಿಯಿತು. ಅವನಿಗೆ ತಲೆ ತಿರುಗಿಸಲಾಗಲಿಲ್ಲ. ಆದರೆ ಹೆಬ್ಬೆರಳ ಬುಡದ ಗಂಟನ್ನು ಕಂಡು ಅದು ಯಾರ ಕೈಯೆಂದು ತಿಳಿಯಿತು.

ಜೊತೆಗಾರ ಅವನ ಪಕ್ಕದಲ್ಲಿ ನೀರಿನಲ್ಲೇ ಮಲಗಿ, ಒಂದು ಕೈಯಲ್ಲಿ ಅವನ ಗದ್ದ ಹಿಡಿದುಕೊಂಡು, ಊರನ್ನೆಲ್ಲ ಹೆಸರು ಹಿಡಿದು ಕೂಗಿದ. ಅವನು ಅಷ್ಟು ಜೋರಾಗಿ ಕೂಗಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಗುಂಡಿಗುಂಡಿಗಳಿಂದ ಜನ ಬಂದರು. ಹಾರೆ ತಂದರು, ದಿಮ್ಮಿ ತಂದರು. ಸಭೆಯಲ್ಲಿ ಅಂದು ನಕ್ಕವರೂ ಅದರಲ್ಲಿದ್ದರು. ಕೆಲವರು ನೀರನ್ನು ಒಡ್ಡು ಕಟ್ಟಿ ತಿರುಗಿಸಿದರು. ಉಳಿದವರು ಚಪ್ಪಡಿಗೆ ಹಾರೆ ಕೊಟ್ಟು ಮೀಟಿದರು. ಒಂದೊಂದು ಬೆರಳಷ್ಟು ಎತ್ತಿ, ದಿಮ್ಮಿ ತುರುಕಿ, ಮತ್ತೆ ಎತ್ತಿದರು. ಹೊತ್ತು ಇಳಿಯುವ ವೇಳೆಗೆ ಅವನನ್ನು ಹೊರಗೆಳೆದು ಅಂಗಾತ ಮಲಗಿಸಿದರು.

ಅವನು ಬದುಕಿದ. ಒಂದು ಕಾಲು ಉಳಿಯಲಿಲ್ಲ. ಸೊಂಟದ ಮೂಳೆ ಮುರಿದಿತ್ತು. ಮೂಳೆ ಕೂಡುವವರೆಗೆ ಮಲಗಿದಲ್ಲೇ ಇರಬೇಕೆಂದು ವೈದ್ಯರು ಹೇಳಿದರು. ಒಂದೇ ಮಗ್ಗುಲಲ್ಲಿದ್ದರೆ ಹುಣ್ಣಾಗುತ್ತದೆ, ಆಗಾಗ ಮಗ್ಗುಲು ಬದಲಿಸುತ್ತಿರಬೇಕೆಂದರು. ಅವನಿಗೆ ತಾನಾಗಿ ಹೊರಳಲು ಆಗುತ್ತಿರಲಿಲ್ಲ. ಹೆಂಡತಿ ಒಬ್ಬಳಿಂದ ಅದು ಸಾಧ್ಯವಿರಲಿಲ್ಲ. ಜೊತೆಗಾರ ಬೆಳಿಗ್ಗೆ ಗುಂಡಿಗೆ ಹೋಗುವ ಮೊದಲು ಬಂದ, ಊಟದ ಹೊತ್ತಿಗೆ ಬಂದ, ಸಂಜೆ ಬಂದ. ಅವನು ಹೆಗಲು ಹಿಡಿದ, ಅವಳು ಸೊಂಟ ಹಿಡಿದಳು. ಇಬ್ಬರೂ ಸೇರಿ ಅವನನ್ನು ಹೊರಳಿಸಿದರು. ಅಕ್ಕಪಕ್ಕದ ಮನೆಗಳಿಂದ ಗಂಜಿ ಬಂತು, ಬೆಣ್ಣೆ ಬಂತು. ಮೊದಮೊದಲು ಅವನು ಗೋಡೆಯ ಕಡೆ ಮುಖ ಮಾಡಿ ಹಲ್ಲು ಕಚ್ಚಿಕೊಂಡಿರುತ್ತಿದ್ದ. ಚಪ್ಪಡಿಯ ಕೆಳಗಿದ್ದುದಕ್ಕಿಂತ ಇದೇ ಅವನಿಗೆ ಕಷ್ಟವಾಗಿತ್ತು. ಒಂದು ದಿನ ಹೆಂಡತಿ ಗಂಜಿಯ ಬಟ್ಟಲು ಹಿಡಿದು, “ನೀವು ಬಾಯಿ ತೆರೆಯದಿದ್ದರೆ ನಾನೂ ಉಣ್ಣುವುದಿಲ್ಲ,” ಎಂದು ಕೂತುಬಿಟ್ಟಳು. ಅವನು ಬಾಯಿ ತೆರೆದ.

ಜೊತೆಗಾರ ಹೆಚ್ಚು ಮಾತಾಡುತ್ತಿರಲಿಲ್ಲ. ಬರುತ್ತಿದ್ದ, ಹೊರಳಿಸುತ್ತಿದ್ದ, ಹೋಗುತ್ತಿದ್ದ. ಒಂದು ಸಂಜೆ ಅವನು ಹೋಗಲು ಎದ್ದಾಗ ಕಲ್ಲುಕುಟಿಗ ಅವನ ಕೈ ಹಿಡಿದ.

“ಅವ್ವನಿಗೆ ನಾನು ಹೆಗಲು ಕೊಡಲಿಲ್ಲ. ಅದರ ಬಗ್ಗೆ ನೀನು ಒಂದು ಮಾತೂ ಕೇಳಲಿಲ್ಲ,” ಎಂದ.

ಜೊತೆಗಾರ ಮತ್ತೆ ಕೂತ. ಬಾಗಿಲ ಕಡೆ ನೋಡುತ್ತಾ ಹೇಳಿದ:

“ಊರಿನಲ್ಲಿ ನನ್ನ ಎತ್ತರಕ್ಕೆ ಸರಿಹೋಗುವವನು ನೀನೊಬ್ಬನೇ. ಆ ದಿನ ನನ್ನ ಪಕ್ಕಕ್ಕೆ ಗಿಡ್ಡನೆಯವನೊಬ್ಬ ನಿಂತ. ಪಾಪ, ಅವನ ತಪ್ಪೇನೂ ಇಲ್ಲ. ಆದರೆ ಚಟ್ಟದ ಒಂದು ಮೂಲೆ ತಗ್ಗಿಹೋಯಿತು. ಹೊಳೆ ಮುಟ್ಟುವವರೆಗೂ ಅವ್ವನ ತಲೆ ಒಂದು ಕಡೆಗೆ ವಾಲುತ್ತಲೇ ಇತ್ತು. ಅದೊಂದು ನನಗೆ ಮರೆಯಲಾಗಿಲ್ಲ.”

ಕಲ್ಲುಕುಟಿಗ ಅತ್ತ. ಬಾಲ್ಯ ಕಳೆದ ಮೇಲೆ ಅವನು ಅತ್ತದ್ದು ಅದೇ ಮೊದಲು. ಮುಖ ಮರೆಸಿಕೊಳ್ಳಲು ಹೊರಳಬೇಕೆಂದರೂ ಹೊರಳಲಾಗದೆ, ಎದುರಿಗೇ ಅತ್ತ. ಜೊತೆಗಾರ ಅವನ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲಿಲ್ಲ.

“ನನ್ನದೂ ಒಂದಿದೆ, ಕೇಳು,” ಎಂದ. “ನೀನು ಬೇರೆ ಗುಂಡಿಗೆ ಹೋದ ಮೇಲೂ ನಿನ್ನ ಸುತ್ತಿಗೆ ನನಗೆ ದಿನವೂ ಕೇಳಿಸುತ್ತಿತ್ತು. ಅದು ಬಿದ್ದಾಗ ನನ್ನದು ಏಳುತ್ತಿತ್ತು. ಹಾಗೆಯೇ ಅಭ್ಯಾಸವಾಗಿತ್ತು. ಆ ಬೆಳಿಗ್ಗೆ ಅದು ನಿಂತಿತು. ಇನ್ನೇನು ಮತ್ತೆ ಶುರುವಾದೀತು ಎಂದು ಕಾದೆ. ಆಗಲಿಲ್ಲ. ಹೋಗಿ ನೋಡಬೇಕೆಂದು ಎದ್ದೆ. ಅವ್ವನ ತಲೆ ವಾಲಿದ್ದು ನೆನಪಾಯಿತು. ಮತ್ತೆ ಕೂತೆ. ಊಟದ ಹೊತ್ತಿನಲ್ಲಿ ಎಲ್ಲರೂ ನಕ್ಕು ಮಾತಾಡುತ್ತಿದ್ದರು, ನನಗೆ ತುತ್ತು ಇಳಿಯಲಿಲ್ಲ. ಆದರೂ ಏಳಲಿಲ್ಲ. ಆಮೇಲೆ ನಿನ್ನ ತಟ್ಟು ಕೇಳಿಸಿತು. ಬೆಳಿಗ್ಗೆ ಎದ್ದಾಗಲೇ ಬಂದಿದ್ದರೆ ನಿನ್ನ ಕಾಲು ಉಳಿಯುತ್ತಿತ್ತೋ ಏನೋ. ಅದನ್ನು ನಾನು ಯಾರಿಗೂ ಹೇಳಿಲ್ಲ.”

ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಅವನು ಹೆಗಲು ಹಿಡಿದ, ಅವಳು ಸೊಂಟ ಹಿಡಿದಳು.

ಮೂಳೆ ಕೂಡಿದ ಮೇಲೆ ಕಲ್ಲುಕುಟಿಗ ಕೋಲೂರಿ ನಡೆದ. ನಿಂತು ಸುತ್ತಿಗೆ ಎತ್ತುವುದು ಅವನಿಂದ ಇನ್ನು ಆಗುವಂತಿರಲಿಲ್ಲ. ಕೂತು ಉಳಿ ಹಿಡಿಯುವುದು ಆಗುತ್ತಿತ್ತು. ಅವನು ಜೊತೆಗಾರನ ಗುಂಡಿಗೆ ಹೋಗಿ ಬಂಡೆಯ ಮುಂದೆ ಕೂತು ಎರಡೂ ಕೈಯಲ್ಲಿ ಉಳಿ ಹಿಡಿದ. ಜೊತೆಗಾರ ಸುತ್ತಿಗೆ ಎತ್ತಿದ. ಬದುಕಿರುವಷ್ಟು ಕಾಲ ಇಬ್ಬರೂ ಹಾಗೆಯೇ ಕೆಲಸ ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ, “ಹಾಗಾದರೆ ನಾನು ಗವಿಗೆ ಹೋಗಬಾರದೇ ಗುರುಗಳೇ?” ಎಂದು ಕೇಳಿದ.

“ಹೋಗು,” ಎಂದರು ಗುರುಗಳು. “ಇವತ್ತು ಬೆಳಿಗ್ಗೆ ಈ ಮಠದಲ್ಲಿ ಯಾರ ದನಿ ಕೇಳಿಸಲಿಲ್ಲ ಎಂಬುದನ್ನು ಮಾತ್ರ ಹೇಳಿ ಹೋಗು.”

ಚನ್ನವೀರನಿಗೆ ಗೊತ್ತಿರಲಿಲ್ಲ. ಅವನು ಕೂತಲ್ಲೇ ಕೂತ.